ನಡುವಿನ ಬುಟ್ಟಿ

ಸೊಮೊಯೆ ಬುಟ್ಟಿಯ ಮೇಲಿದ್ದ ಕಲ್ಲನ್ನು ಪಕ್ಕಕ್ಕೆ ಸರಿಸಿ, ಹರಿಯುವ ನೀರಿನೊಳಗೆ ಕೈಯಿಟ್ಟು, ಗೆಡ್ಡೆಯ ಒಂದು ಹೋಳು ತೆಗೆದು ನಾಲಿಗೆಯ ತುದಿಗೆ ತಾಗಿಸಿದಳು. ಚುರ್ ಎಂದಿತು. ಉಗಿದು ಬಾಯಿ ಮುಕ್ಕಳಿಸಿಕೊಂಡಳು. ಇದರ ನಂಜು ಇನ್ನೂ ಹೋಗಿಲ್ಲ. ಹೋಳನ್ನು ಬುಟ್ಟಿಗೇ ಹಾಕಿ ಮತ್ತೆ ಕಲ್ಲು ಹೇರಿದಳು.

ತೊರೆಯಲ್ಲಿ ಅವಳ ಬುಟ್ಟಿಗಳು ಸಾಲಾಗಿ ಮುಳುಗಿದ್ದವು. ಮೇಲುಗಡೆಯದು ಬೇಯಿಸಲು ಹದವಾದದ್ದು. ಕೆಳಗಡೆಯದು ನಿನ್ನೆಯಷ್ಟೇ ಹೆಚ್ಚಿ ಹಾಕಿದ್ದು. ಈಗ ನಾಲಿಗೆ ಸುಟ್ಟದ್ದು ನಡುವಿನದು. ಹೊಸ ಗೆಡ್ಡೆಯ ನಂಜು ಹಳೆಯದಕ್ಕೆ ತಾಗಬಾರದೆಂದು ಹೊಸದನ್ನು ಯಾವಾಗಲೂ ಹರಿವಿನ ಕೆಳಗಡೆ ಇಡಬೇಕು. ಅದನ್ನು ಅವಳಿಗೆ ಹೇಳಿಕೊಟ್ಟವಳು ಅತ್ತೆ. ಅತ್ತೆ ಹುಡುಗಿಯಾಗಿದ್ದಾಗ ಮಿಡತೆ ಬಂದ ವರ್ಷ ಇದನ್ನೇ ತಿಂದು ಬದುಕಿದ್ದಳಂತೆ. ಈ ವರ್ಷ ಮಿಡತೆ ಬಂದಿರಲಿಲ್ಲ. ಜರ್ಮನರ ಸಿಪಾಯಿಗಳು ಬಂದು ಕಣಜಗಳಿಗೆ ಬೆಂಕಿಯಿಟ್ಟು, ಹೊಲದಲ್ಲಿ ನಿಂತ ಜೋಳಕ್ಕೂ ಬೆಂಕಿಯಿಟ್ಟು ಹೋಗಿದ್ದರು. ಊರಿನಲ್ಲಿ ಉಳಿದವರೆಲ್ಲ ಈಗ ಮಟುಂಬಿ ಗುಡ್ಡದ ಗವಿಗಳಲ್ಲಿದ್ದರು.

ಈ ಗೆಡ್ಡೆಯ ಜೊತೆ ಅವಸರ ನಡೆಯುವುದಿಲ್ಲ. ನೆರೆಯ ತಾಬುವಿನ ಮಗಳು ಹಸಿವು ತಾಳದೆ ಅರ್ಧ ನೆನೆದ ಹೋಳು ತಿಂದು, ಹೆಂಡ ಕುಡಿದವಳ ಹಾಗೆ ತೂರಾಡಿ, ಕಾರಿಕೊಂಡು, ಎರಡು ದಿನ ಕಣ್ಣು ಮೇಲೆ ಮಾಡಿ ಮಲಗಿದ್ದಳು. ಆಮೇಲೆ ಎದ್ದು ಕೂತಳು. ಅದೇ ಬುಟ್ಟಿಯಿಂದ ತಿಂದ ಮುದುಕ ಮಿಟೋಲೆ ಏಳಲಿಲ್ಲ.

"ಏನೇ, ನಾಲಿಗೆ ಇನ್ನೂ ಇದೆಯಾ, ಉದುರಿ ನೀರಲ್ಲಿ ಹೋಯ್ತಾ?" ತಾಬು ಬಂಡೆಯಿಂದ ಬಂಡೆಗೆ ಕಾಲಿಡುತ್ತ ಇಳಿದು ಬಂದಳು. ಸೊಂಟದ ಬಟ್ಟೆಯನ್ನು ಎರಡು ಸುತ್ತು ಬಿಗಿದು ಕಟ್ಟಿದ್ದಳು. ಹಸಿವಿಗೆ ಎಲ್ಲರೂ ಹಾಗೆಯೇ ಕಟ್ಟುತ್ತಿದ್ದರು.

"ಇದೆ. ನಿನ್ನ ಬೈಯೋಕೆ ಬೇಕಲ್ಲ," ಎಂದಳು ಸೊಮೊಯೆ.

"ಬೈಯೋಕೆ ಶಕ್ತಿ ಇಟ್ಕೊ. ಮೇಲೆ ಮದ್ದಿನ ನೀರು ಕೊಡೋ ಹೊಂಗೊ ಬಂದಿದ್ದಾನೆ. ಹಳಬನಲ್ಲ, ಹೊಸಬ. ಈ ಸಲದ ನೀರು ಮೊದಲಿನದಕ್ಕಿಂತ ಗಟ್ಟಿಯಂತೆ."

"ನೀರು ಗಟ್ಟಿ ಹೇಗಾಗುತ್ತೆ?"

"ಅದನ್ನೇ ಕೇಳಿದೆ. ಆಚೆ ಅಟ್ಟಿದ್ರು." ತಾಬು ಕುಕ್ಕರುಗಾಲಿನಲ್ಲಿ ಕೂತು ತನ್ನ ಬುಟ್ಟಿಯನ್ನು ಎಳೆದುಕೊಂಡಳು. ತಲೆ ಎತ್ತದೆಯೇ ಹೇಳಿದಳು: "ನಿನ್ನ ಮೈದುನನೂ ಕುಡಿದ. ಕೊರಳಿಗೆ ಆ ನೀರಿನ ಕೊಳವೆ ಕಟ್ಟಿಸಿಕೊಂಡ. ಬೆಳಕು ಹರಿಯೋ ಮೊದಲು ಹೊರಡ್ತಾರಂತೆ, ಜರ್ಮನರ ಕೋಟೆ ಮೇಲೆ."

ಸೊಮೊಯೆಯ ಕೈ ನೀರಿನಲ್ಲೇ ನಿಂತಿತು.

ಆ ಮದ್ದಿನ ನೀರು ಕುಡಿದವನ ಮೈಗೆ ಗುಂಡು ತಾಗಿದರೆ ಮಳೆಹನಿಯಾಗಿ ಜಾರಿ ಬೀಳುತ್ತದಂತೆ. ಆದರೆ ಕುಡಿದವನು ಹೆಂಗಸನ್ನು ಮುಟ್ಟಬಾರದು, ಸೋತವರ ಮನೆಯಿಂದ ಒಂದು ಹಿಡಿ ಕಾಳನ್ನೂ ಕದಿಯಬಾರದು. ಮೊದಲ ಸಲ ಕೋಟೆಯ ಮೇಲೆ ಹೋದವರಲ್ಲಿ ಅರ್ಧ ಜನ ತಿರುಗಿ ಬರಲಿಲ್ಲ. ಬಂದವರು ನೀರು ಸುಳ್ಳೆಂದು ಹೇಳಲಿಲ್ಲ. ಸತ್ತವರು ವ್ರತ ಮುರಿದಿದ್ದರು ಎಂದರು. ಯಾರೂ ಯಾವ ಮನೆಯನ್ನೂ ದೋಚಿರಲಿಲ್ಲವಾದ್ದರಿಂದ ಎಲ್ಲರ ಕಣ್ಣೂ ವಿಧವೆಯರ ಕಡೆ ತಿರುಗಿತು.

"ನೋಡು," ತಾಬು ನಕ್ಕಳು, "ಸತ್ತೋರೆಲ್ಲ ಆ ಒಂದೇ ರಾತ್ರಿ ಹೆಂಡ್ತೀರ ಹತ್ರ ಓಡಿ ಬಂದಿದ್ರಂತೆ. ನಮ್ಮ ಗಂಡಸರು ಅಷ್ಟು ರಸಿಕರು ಅಂತ ಇದ್ದಾಗ ನಮಗೆ ಗೊತ್ತೇ ಆಗ್ಲಿಲ್ಲ."

ಸೊಮೊಯೆಗೂ ನಗು ಬಂತು.

"ನಮ್ಮವರು ಬಂದಿರ್ಲಿಲ್ಲ, ತಾಬು," ಎಂದಳು. ಇಷ್ಟು ತಿಂಗಳಲ್ಲಿ ಯಾರಿಗೂ ಹೇಳದ ಮಾತು. "ಒಳಗೆ ಬರ್ಲಿಲ್ಲ. ನನ್ನ ಬೆರಳೂ ಮುಟ್ಲಿಲ್ಲ. ಆದ್ರೂ ಸತ್ತರು."

ತಾಬುವಿನ ಮುಖದಲ್ಲಿದ್ದ ನಗು ಆರಿತು. ಅವಳು ಒಂದೊಂದೇ ಹೋಳನ್ನು ತಿರುವಿ ಹಾಕುತ್ತ ಕೂತಳು.

"ನನ್ನವನು ಬಂದಿದ್ದ ಕಣೇ," ಎಂದಳು ಕೊನೆಗೆ. "ನಾನೇ ಕರೆಸಿಕೊಂಡಿದ್ದೆ. ನಾನೇ ಅವನನ್ನ ತಿಂದೆ ಅಂತ ದಿನಾ ಅಳ್ತೀನಿ. ಈಗ ನೀನು ಬಂದು, ಹಾಗೇನಿಲ್ಲ, ಬಂದ್ರೂ ಸಾಯ್ತಿದ್ದ ಬರದೇ ಇದ್ರೂ ಸಾಯ್ತಿದ್ದ ಅಂತೀಯ. ಹಾಗಾದ್ರೆ ಯಾವ ಕಾರಣಕ್ಕೆ ಸತ್ತ? ನನ್ನ ತಪ್ಪು ಒಂದಾದ್ರೂ ನನಗಿರ್ಲಿ ಬಿಡು. ಅದನ್ನೂ ಕಿತ್ಕೋಬೇಡ."

ಬುಟ್ಟಿಗೆ ಕಲ್ಲು ಹೇರಿ, ಬಂದ ದಾರಿಯಲ್ಲೇ ಅವಳು ಹತ್ತಿ ಹೋದಳು.

ಯಾವ ಕಾರಣಕ್ಕೆ ಸತ್ತ? ಕಾರಣ ಕೇಳಿದರೆ ಸೊಮೊಯೆಗೆ ಹತ್ತಿಯೇ ಕಣ್ಣಿಗೆ ಬರುತ್ತಿತ್ತು. ಬಿತ್ತುವ ಕಾಲ ಬಂದರೆ ಸಾಕು, ಜರ್ಮನರ ಪರವಾಗಿ ಊರಾಳುವ ಅಕಿಡನ ಆಳುಗಳು ಮನೆಮನೆಯಿಂದ ಜನರನ್ನು ಎಬ್ಬಿಸಿ ಹತ್ತಿಯ ಹೊಲಕ್ಕೆ ಅಟ್ಟುತ್ತಿದ್ದರು. ತಮ್ಮ ಜೋಳವನ್ನು ಕಾಯುವವರಿಲ್ಲದೆ ಕಾಡುಹಂದಿ ಮೇಯುತ್ತಿತ್ತು. ಕಳೆ ಉಳಿಸಿದವರ ಬೆನ್ನಿಗೆ ನೀರಾನೆಯ ಚರ್ಮದ ಚಾಟಿ. ಬಿಡಿಸಿದ ಹತ್ತಿಯನ್ನು ಮೂಟೆ ಕಟ್ಟಿ ಕಿಲ್ವಾದ ಬಂದರಿಗೆ ತಲೆಹೊರೆಯಲ್ಲಿ ಇಳಿಸಬೇಕು. ಅಲ್ಲಿಂದ ಅದು ಹಡಗೇರಿ ಸಮುದ್ರದಾಚೆ ಹೋಗುತ್ತದೆಂದು ಗಂಡ ಮಂಡಾಯಿ ಹೇಳಿದಾಗ ಅವಳು ಕೇಳಿದ್ದಳು, "ಅಷ್ಟೊಂದು ಹತ್ತಿಯಾ? ಅವರೂರಲ್ಲಿ ಅಷ್ಟು ಜನ ಬೆತ್ತಲೆ ಇದ್ದಾರಾ?" ಮಂಡಾಯಿ ಹೊಟ್ಟೆ ಹಿಡಿದುಕೊಂಡು ನಕ್ಕು, ಮರುದಿನ ಅದನ್ನು ಹೊಲದಲ್ಲೆಲ್ಲ ಹೇಳಿದ್ದ. ಚಾಟಿ ಹಿಡಿದವನು ಎಲ್ಲಿಂದ ನಗು ಎದ್ದಿತೆಂದು ತಿಳಿಯದೆ ಆಚೀಚೆ ನೋಡಿದ್ದ.

ಆಮೇಲೆ ಒಂದು ಬೆಳಿಗ್ಗೆ ಗಂಡಸರು ಆ ಹೊಲಕ್ಕೆ ಇಳಿದು ಹತ್ತಿಗಿಡಗಳನ್ನು ಬೇರುಸಹಿತ ಕಿತ್ತರು. ಜರ್ಮನರನ್ನು ಯುದ್ಧಕ್ಕೆ ಕರೆದದ್ದು ಹಾಗೆ. ಹೆಂಗಸರೂ ಇಳಿದರು. ಒಂದೊಂದು ಗಿಡ ಬರುವಾಗಲೂ ಬೇರಿನ ಮಣ್ಣು ಸಿಡಿದು ಮುಖಕ್ಕೆ ಹಾರುತ್ತಿತ್ತು. ಸೊಮೊಯೆಗೆ ತನ್ನ ಮದುವೆಯ ದಿನವೂ ಅಷ್ಟು ಸಂತೋಷವಾಗಿರಲಿಲ್ಲ.

ನೀರು ಕುಡಿದವರು ಊರಾಚೆ ಮಲಗುತ್ತಿದ್ದರು. ಹೊರಡುವ ಹಿಂದಿನ ಮುಸ್ಸಂಜೆ ಮಂಡಾಯಿ ಬಂದ. ಹೊಸ್ತಿಲಿನ ಆಚೆಯೇ ನಿಂತು ಕುಡಿಯಲು ನೀರು ಕೇಳಿದ. ಅವಳು ಸೋರೆಬುರುಡೆ ಚಾಚಿದರೆ ಕೈಗೆ ಕೈ ತಾಗೀತೆಂದು, "ಕೆಳಗಿಡು," ಎಂದ. ಇಟ್ಟಳು. ಅವನು ಬಗ್ಗಿ ಎತ್ತಿಕೊಂಡು ಕುಡಿದ. ಅವನ ಗಂಟಲಲ್ಲಿ ನೀರಿಳಿಯುವುದನ್ನು ನೋಡುತ್ತ ಅವಳು ತಡೆಯಲಾಗದೆ ಅವನ ಮಣಿಕಟ್ಟು ಹಿಡಿಯಲು ಕೈಚಾಚಿದ್ದಳು. ಅವನು ಒಂದು ಹೆಜ್ಜೆ ಹಿಂದೆ ಸರಿದು ನಕ್ಕಿದ್ದ. "ಗೆದ್ದು ಬಂದ ಮೇಲೆ," ಎಂದಿದ್ದ. ಅವನು ತಿರುಗಿ ಹೋಗುವುದನ್ನು ಯಾರೋ ನೋಡಿದ್ದರು. ಅಷ್ಟೇ ಸಾಕಾಯಿತು.

ಹೆಣ ಬಂದ ದಿನ ಅತ್ತೆ ಎದೆ ಬಡಿದುಕೊಂಡು, "ಒಂದು ರಾತ್ರಿ ತಡೀಲಾರದೆ ಹೋದೆಯಲ್ಲೇ!" ಎಂದು ಊರೆಲ್ಲ ಕೇಳುವಂತೆ ಕೂಗಿದ್ದಳು. ಸೊಮೊಯೆ ಬಾಯಿಬಿಡಲಿಲ್ಲ. ತಾನು ಕೆಟ್ಟವಳೆಂದರೆ ನೀರು ಒಳ್ಳೆಯದು. ನೀರು ಒಳ್ಳೆಯದಾದರೆ ಉಳಿದವರಾದರೂ ಬದುಕುತ್ತಾರೆ. ಅಂದು ಅವಳೂ ಹಾಗೆಂದೇ ನಂಬಲು ನೋಡಿದ್ದಳು. ಆಮೇಲೆ ಎರಡನೆಯ ಸಲ ಹೋದವರೂ ಸತ್ತರು.

ಅವಳು ಗವಿಗೆ ಬಂದಾಗ ಉಪುಂಡ ಅದರ ಬಾಯಲ್ಲೇ ಕಾದು ಕೂತಿದ್ದ. ಮಂಡಾಯಿಯ ತಮ್ಮ, ಅವಳು ಮದುವೆಯಾಗಿ ಬಂದಾಗ ಸೊಂಟದೆತ್ತರವಿದ್ದವನು, ಈಗ ಅಣ್ಣನಿಗಿಂತ ಉದ್ದ. ತಲೆಗೆ ನವಣೆಯ ದಂಟಿನ ಸುತ್ತು, ಕೊರಳಲ್ಲಿ ಬಿದಿರಿನ ಪುಟ್ಟ ಕೊಳವೆ. ಒಳಗೆ ಕತ್ತಲಲ್ಲಿ ಅತ್ತೆ ಕೆಮ್ಮುತ್ತಿದ್ದಳು. ಕಣ್ಣು ಮಬ್ಬಾದ ಮೇಲೆ ಅವಳು ಗವಿಯ ಹೊರಗೆ ಬರುತ್ತಿರಲಿಲ್ಲ.

"ಹತ್ತಿರ ಬರಬೇಡ ಅತ್ತಿಗೆ, ಅಲ್ಲೇ ನಿಲ್ಲು," ಎಂದು ಅವನು ನಗುತ್ತ ಎಲೆಯ ಪೊಟ್ಟಣವೊಂದನ್ನು ಕಲ್ಲಿನ ಮೇಲಿಟ್ಟು ಹಿಂದೆ ಸರಿದ. ಅಣ್ಣ ಹಿಂದೆ ಸರಿದಂತೆಯೇ. "ಜೇನು. ಕೈತುಂಬ ಕಚ್ಚಿಸಿಕೊಂಡು ತಂದೆ. ನಿನಗೂ ಅಮ್ಮನಿಗೂ."

"ಗುಂಡು ತಡೆಯೋ ನೀರು ಜೇನುಹುಳ ತಡೀಲಿಲ್ವಾ?"

"ಜೇನುಹುಳ ಜರ್ಮನ್ ಅಲ್ವಲ್ಲ!" ಅವನು ಊದಿದ ಬೆರಳುಗಳನ್ನು ತೋರಿಸಿದ. ಮತ್ತೆ ಸ್ವರ ತಗ್ಗಿಸಿದ. "ಅತ್ತಿಗೆ, ಒಂದು ಮಾತು ಕೇಳ್ತೀನಿ, ಬೇಜಾರಾಗಬೇಡ. ನಾನು ನಿನ್ನ ಯಾವತ್ತೂ ಬೈದಿಲ್ಲ, ಅಲ್ವಾ?"

"ಇಲ್ಲ."

"ಅಣ್ಣ ಅವತ್ತು ಒಳಗೆ ಬಂದಿದ್ದ ಅಂತ ಒಂದು ಸಲ ನಿನ್ನ ಬಾಯಲ್ಲೇ ಹೇಳಿಬಿಡು. ನಾನು ಯಾರಿಗೂ ಹೇಳಲ್ಲ. ಬೇರೆಯವರು ಹೇಳೋದು ಬೇರೆ, ನೀನು ಹೇಳೋದು ಬೇರೆ. ನೀನು ಹೇಳಿದ್ರೆ... ನಾಳೆ ಕೋಟೆಯ ಆ ದೊಡ್ಡ ಬಂದೂಕು ಶುರುವಾದಾಗ ನನ್ನ ಕಾಲು ನಡುಗಲ್ಲ."

ಒಳಗೆ ಅತ್ತೆಯ ಕೆಮ್ಮು ನಿಂತಿತು.

ಸೊಮೊಯೆ ಅವನ ಕೊರಳಿನ ಕೊಳವೆಯನ್ನು ನೋಡಿದಳು. ಬಾಯಿಗೆ ಮೇಣ ಮೆತ್ತಿದ್ದರು. ಹೌದೆಂದರೆ ಇವನು ಎದೆ ಸೆಟೆಸಿ ಬಂದೂಕಿನ ಎದುರಿಗೆ ನಡೆಯುತ್ತಾನೆ.

"ಬರ್ಲಿಲ್ಲ, ಉಪುಂಡ," ಎಂದಳು. "ಹೊಸ್ತಿಲ ಆಚೆ ನಿಂತಿದ್ರು. ನೀರು ಕುಡಿದು ಹೋದ್ರು. ಅವರು ಯಾವ ತಪ್ಪೂ ಮಾಡ್ಲಿಲ್ಲ. ಆ ಕೊಳವೆಯಲ್ಲಿ ಇರೋದು ಬರೀ ನೀರು ಕಣೋ. ಹೋಗಬೇಡ."

ಅವನು ಕೊರಳಿನ ಕೊಳವೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡ.

"ನಾಚಿಕೆಗೆ ಹೀಗಂತೀಯ," ಎಂದ ಮೆಲ್ಲಗೆ. "ಯಾರಾದ್ರೂ ಹೀಗೇ ಅಂತಾರೆ."

"ನಿನ್ನಾಣೆ."

"ನನ್ನಾಣೆ ಇಡಬೇಡ!" ಅವನು ಗದರಿದ. ಮರುಕ್ಷಣ ಸೋತವನಂತೆ ಕೂತ. "ಸರಿ, ನೀನು ಹೇಳೋದೇ ನಿಜ ಅಂತಿಟ್ಕೊ. ಆಗ ನಾನು ಏನು ಮಾಡ್ಲಿ? ಇಲ್ಲಿ ಕೂತು ಗೆಡ್ಡೆ ನೆಕ್ಕುತ್ತಾ ಸಾಯ್ಲಾ? ಕೆಳಗಿಳಿದು ಕೈಮುಗಿದ್ರೆ ಕುತ್ತಿಗೆಗೆ ಸರಪಳಿ ಹಾಕಿ ಹೊರೆ ಹೊರಿಸ್ತಾರೆ, ಇಲ್ಲಾ ಮಾವಿನ ಮರಕ್ಕೆ ನೇಣು ಹಾಕ್ತಾರೆ. ನೋಡಿಲ್ವಾ? ನನಗೆ ಹೆಂಡ್ತಿ ಇಲ್ಲ, ಕದ್ದಿಲ್ಲ. ಗುಂಡು ನನಗೆ ತಾಗಲ್ಲ. ಅಷ್ಟೇ."

ಎದ್ದು, ನೀರು ಕುಡಿದವರು ಒಟ್ಟಾಗಿದ್ದ ಬಂಡೆಯ ಕಡೆ ಹೊರಟ. ಸ್ವಲ್ಪ ದೂರ ಹೋಗಿ ತಿರುಗಿದ. "ನನ್ನ ಊಟ ಬೇರೆ ಮಡಕೇಲಿ ಮಾಡು ಅತ್ತಿಗೆ. ನೀರು ಕುಡಿದೋರದ್ದು ಬೇರೆ ಇರಬೇಕಂತೆ. ಕತ್ತಲಾಗೋದರೊಳಗೆ ಬಂದು ತಗೊಂಡು ಹೋಗ್ತೀನಿ."

ಸೊಮೊಯೆ ಒಳಗೆ ಹೋಗಿ ಜೇನಿನ ಪೊಟ್ಟಣವನ್ನು ಅತ್ತೆಯ ಪಕ್ಕದಲ್ಲಿಟ್ಟಳು. ಮುದುಕಿ ಗೋಡೆಯ ಕಡೆ ಮುಖಮಾಡಿ ಕೂತಿದ್ದಳು. ಬೈಗುಳವನ್ನು ಕಾದು ಸೊಮೊಯೆ ನಿಂತಳು. ಬೈಗುಳ ಬರಲಿಲ್ಲ.

"ಮುಟ್ಟಲೇ ಇಲ್ವಾ ನಿನ್ನ?" ಅತ್ತೆ ಕೇಳಿದಳು.

"ಇಲ್ಲ ಅತ್ತೆ."

"ಚಿಕ್ಕೋನಿದ್ದಾಗಲೂ ಹಾಗೇ. ಬೇಡ ಅಂದದ್ದು ಮಾಡ್ತಿರ್ಲಿಲ್ಲ." ಮುದುಕಿಯ ಕೈ ನೆಲದ ಮೇಲೆ ಏನನ್ನೋ ಹುಡುಕುವಂತೆ ಆಡಿ ಸುಮ್ಮನಾಯಿತು. "ಇಷ್ಟು ದಿನ ನಿನ್ನ ಬೈದ್ಕೊಂಡು ಹೇಗೋ ಉಸಿರಾಡ್ತಿದ್ದೆ. ಹೋಗ್ಲಿ. ಇವನಿಗೆ ಹೌದು ಅಂದುಬಿಡೋದಲ್ವೇನೇ? ಹೆಂಗೂ ಹೋಗ್ತಾನೆ. ಧೈರ್ಯವಾಗಿಯಾದ್ರೂ ಹೋಗ್ತಿದ್ದ."

ಸೊಮೊಯೆ ಖಾಲಿ ಮೊರವನ್ನು ಎತ್ತಿಕೊಂಡು ತೊರೆಗೆ ಇಳಿದಳು.

ಬಿಸಿಲು ಗುಡ್ಡದ ನೆತ್ತಿಗೆ ಏರಿ ತೊರೆಯ ಮೇಲೆ ನೆರಳು ಬಿದ್ದಿತ್ತು. ಮೇಲುಗಡೆಯ ಬುಟ್ಟಿಯಿಂದ ಹೋಳುಗಳನ್ನು ತೆಗೆದು ಮೊರದ ಒಂದು ಬದಿಗೆ ಹಾಕಿದಳು. ಒಂದನ್ನು ನಾಲಿಗೆಗೆ ತಾಗಿಸಿದಳು. ಬರೀ ನೀರಿನ ರುಚಿ. ಬುಟ್ಟಿಯ ಕಲ್ಲನ್ನು ಸ್ವಸ್ಥಾನಕ್ಕೆ ಇಟ್ಟು ಏಳಲು ಹೋದವಳು ಏಳದೆ ಹಾಗೆಯೇ ಕೂತಳು.

ತಾಬುವಿನ ಮಗಳು ಎದ್ದಿದ್ದಳು. ಎರಡು ದಿನ ಮಲಗಿ, ಎದ್ದು, ಈಗ ಬಂಡೆಗಳ ಮೇಲೆ ಓತಿಕ್ಯಾತ ಹಿಡಿಯುತ್ತ ಓಡಾಡುತ್ತಾಳೆ. ಮಿಟೋಲೆ ಏಳಲಿಲ್ಲ. ಆದರೆ ಅವನು ಮುದುಕ, ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಆ ಹುಡುಗಿ ಎಷ್ಟು ತಿಂದಿದ್ದಳು? ತಾಬು ಹೇಳಿರಲಿಲ್ಲ. ಉಪುಂಡನ ಹೊಟ್ಟೆಯಲ್ಲಾದರೂ ಈಗ ಏನಿದೆ? ಅವನು ತೂರಾಡಿ ಬಿದ್ದರೆ ಅವನನ್ನು ಬಿಟ್ಟು ಉಳಿದವರು ಹೊರಡುತ್ತಾರೆ. ವ್ರತ ಕೆಟ್ಟಿತು ಎನ್ನುತ್ತಾರೆ. ಅಡಿಗೆ ಮಾಡಿದವಳು ಯಾರೆಂದು ಕೇಳುತ್ತಾರೆ. ಕೇಳಲಿ. ಅವನು ಎದ್ದರೆ ಅವನೂ ಕೇಳುತ್ತಾನೆ. ಏಳದಿದ್ದರೆ?

ದೂರದಲ್ಲಿ ಗಂಡಸರು ಹಾಡತೊಡಗಿದ್ದರು. ಕಳೆದ ಸಲದ ಹಾಡೇ. ದನಿಗಳು ಮಾತ್ರ ಕಡಿಮೆಯಾಗಿದ್ದವು.

ಅವಳು ನಡುವಿನ ಬುಟ್ಟಿಯ ಕಲ್ಲನ್ನು ಸರಿಸಿದಳು. ಹೋಳುಗಳನ್ನು ಮೊರದ ಇನ್ನೊಂದು ಬದಿಗೆ ಹಾಕಿದಳು, ನಡುವೆ ಒಂದು ಎಲೆ ಇಟ್ಟು. ನೋಡಿದಳು. ಒಂದಿಷ್ಟು ಹೋಳು ತೆಗೆದು ಬುಟ್ಟಿಗೆ ಹಿಂತಿರುಗಿಸಿದಳು. ಮತ್ತೆ ಅದರಲ್ಲಿ ಒಂದನ್ನು ಎತ್ತಿ ಮೊರಕ್ಕೆ ಹಾಕಿದಳು.

ಗವಿಯ ಬಾಯಲ್ಲಿ ಎರಡು ಮಡಕೆಗಳನ್ನು ಒಲೆಗೇರಿಸಿ ಅವಳು ಬೆಂಕಿ ಊದಿದಳು. ನೀರು ಕುದಿಯಿತು, ಎರಡರಲ್ಲೂ ಹೋಳುಗಳು ಒಂದೇ ಬಣ್ಣದಲ್ಲಿ ಬೆಂದವು. ಒಳಗಿನಿಂದ ಜೇನಿನ ಪೊಟ್ಟಣ ತಂದು ಬಿಚ್ಚಿದಾಗ ಅತ್ತೆ ಮೂಗರಳಿಸಿದಳು.

"ಜೇನು ಅವನಿಗೆ ಹಾಕ್ತಿದ್ದೀಯಾ?"

"ಹೂಂ ಅತ್ತೆ. ನಾಳೆ ಹೋಗೋನಲ್ವಾ."

"ಹಾಕು, ಹಾಕು. ಎಲ್ಲಾನೂ ಹಾಕು. ನಮಗ್ಯಾಕೆ." ಮುದುಕಿ ಮತ್ತೆ ಕೇಳಿದಳು, "ಕಹಿ ಪೂರಾ ಹೋಗಿದೆ ತಾನೇ?"

"ಹೋಗಿದೆ."

ಸೊಮೊಯೆ ಜೇನುತಟ್ಟೆಯನ್ನು ಅವನ ಮಡಕೆಯ ಮೇಲೆ ಹಿಂಡಿ, ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡು, ಸೌಟಿನಲ್ಲಿ ತಿರುವಿದಳು. ಬಂಡೆಯ ಕಡೆಯಿಂದ ಹಾಡು ಗುನುಗುತ್ತ ಅವನು ಬರುತ್ತಿರುವುದು ಕೇಳಿಸಿತು. ಅವಳ ನಾಲಿಗೆಯ ತುದಿ ಇನ್ನೂ ಚುರುಗುಟ್ಟುತ್ತಿತ್ತು.