ಗಂಟಲು ಕಟ್ಟಿದ ರೇಡಿಯೋ

"ಇದಕ್ಕೂ ಗಂಟಲು ಕಟ್ಟಿದೆ ಕಣಯ್ಯ," ಎಂದರು ಚಂದ್ರಪ್ರಭಯ್ಯ, ಎರಡನೆಯ ಜೋಡಿ ಸ್ಪೀಕರುಗಳ ಮುಂದೆ ಕೈಕಟ್ಟಿ ನಿಂತು. "ಕಂಬಳಿ ಹೊದ್ಕೊಂಡು ನಾಗಸ್ವರ ಊದಿದ ಹಾಗಿದೆ. ದುಡ್ಡು ಕೊಡೋನು ನಾನು. ಮೊದಲು ಆ ಕಂಬಳಿ ತೆಗೆಸು."

ಹಾಸನದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಪರಮಶಿವಯ್ಯ ತಲೆ ಕೆರೆದುಕೊಂಡ. ಸ್ಟೀರಿಯೋ ಎಂಬ ಹೊಸ ಮಾಯೆಯನ್ನು ಮನೆಗೆ ಜೋಡಿಸಿಕೊಡುವವನು ಸುತ್ತಮುತ್ತ ತಾನೊಬ್ಬನೇ ಎಂಬ ಹೆಮ್ಮೆ ಅವನಿಗೆ ಬೆಳಿಗ್ಗೆಯವರೆಗೂ ಇತ್ತು. ಅವನಲ್ಲಿದ್ದುದು ಎರಡೇ ಜೋಡಿ. ಒಂದು, ಅವನೇ ಬೀಟೆ ಮರದಲ್ಲಿ ಪೆಟ್ಟಿಗೆ ಮಾಡಿಸಿ ಮುಖ ಕಾಣುವಷ್ಟು ಪಾಲಿಶು ಹೊಡೆಸಿದ್ದು. ಇನ್ನೊಂದು, ಸಕಲೇಶಪುರದ ಕಡೆಯ ಕಾಫಿ ತೋಟದ ಬಿಳಿ ದೊರೆಯೊಬ್ಬ ಸೀಮೆಗೆ ಹಿಂದಿರುಗುವಾಗ ಮಾರಿಹೋಗಿದ್ದು. ಬೂದು ಬಣ್ಣ, ನೋಡಿದರೆ ಅಕ್ಕಿ ಡಬ್ಬ ಅನ್ನಬೇಕು. ಯಾವುದನ್ನು ಕೊಂಡರೂ ಒಂದು ಜೊತೆ ಒಳ್ಳೆಯ ಎತ್ತು ಬರುವಷ್ಟು ಬೆಲೆ. ಒಂದೇ ನಾಗಸ್ವರದ ರೆಕಾರ್ಡನ್ನು ಅವನು ಆಗಲೇ ಆರು ಸಲ ಹಾಕಿದ್ದ.

ಮೂಲೆಯ ಸ್ಟೂಲಿನ ಮೇಲೆ ಬುತ್ತಿಯ ಚೀಲ ತೊಡೆಯಲ್ಲಿಟ್ಟುಕೊಂಡು ಕುಳಿತಿದ್ದ ಮರುದೇವಿ ಗಂಡನ ಮುಖ ನೋಡಿ ನೆಲ ನೋಡಿದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಬೇರೆ ಯಾವ ವಿಷಯವಾಗಿದ್ದರೂ ಈ ಗಾದೆಯನ್ನು ಅವಳು ಅವರ ಮುಖಕ್ಕೇ ಹೇಳಿ ನಗುತ್ತಿದ್ದಳು. ಮೂವತ್ತು ವರ್ಷದಿಂದ ಗಂಡನನ್ನು ರೇಗಿಸುವುದೇ ಅವಳ ಸಂಸಾರದ ಉಪ್ಪಿನಕಾಯಿ. ಆದರೆ ಈ ಒಂದು ಮಾತು ಮಾತ್ರ ಗಂಟಲಿನಲ್ಲೇ ನಿಂತು ಆರು ತಿಂಗಳಾಗಿತ್ತು.

ಚನ್ನರಾಯಪಟ್ಟಣದ ಪೇಟೆಯಲ್ಲಿ ಚಂದ್ರಪ್ರಭಯ್ಯನವರ ಪಾತ್ರೆ ಅಂಗಡಿ ನಿಂತಿದ್ದುದು ಅವರ ಕಿವಿಯ ಮೇಲೆ. ಹಿತ್ತಾಳೆಯೋ ಕಂಚೋ, ಬೆರಳ ಗಿಣ್ಣಿನಿಂದ ಒಮ್ಮೆ ತಟ್ಟಿ ಕಣ್ಣು ಮುಚ್ಚಿದರೆ ಸಾಕು, ಕೂದಲೆಳೆಯ ಬಿರುಕನ್ನೂ ಹೇಳಿಬಿಡುತ್ತಿದ್ದರು. ಮದುವೆಗೆ ಪಾತ್ರೆ ಕೊಳ್ಳುವವರು ಬೆಲೆಯನ್ನು ನಾಲ್ಕು ಅಂಗಡಿಯಲ್ಲಿ ಕೇಳಿದರೂ ಕೊನೆಗೆ ತಟ್ಟಿಸಲು ಇವರ ಹತ್ತಿರವೇ ಬರುತ್ತಿದ್ದರು. ಹೋದ ಬೇಸಿಗೆಯಿಂದ ಆ ಕಿವಿ ಮಂದವಾಗುತ್ತ ಬಂದಿತ್ತು. ದಪ್ಪ ದನಿ ಕೇಳುತ್ತಿತ್ತು, ಮಾತು ಕೇಳುತ್ತಿತ್ತು. ಸಣ್ಣ ದನಿಗಳು ಮಾತ್ರ ಅವರನ್ನು ಬಿಟ್ಟು ಹೋಗಿದ್ದವು. ಅದು ಅವರಿಗೆ ಗೊತ್ತಿರಲಿಲ್ಲ, ಮರುದೇವಿಗೆ ಗೊತ್ತಿತ್ತು. ಅವರು ಸರಿ ಎಂದು ತೆಗೆದಿಟ್ಟ ಪಾತ್ರೆಗಳನ್ನು ಮಧ್ಯಾಹ್ನ ಅವರು ಮಲಗಿದಾಗ ಅವಳೇ ಮತ್ತೊಮ್ಮೆ ತಟ್ಟಿ ನೋಡಿ, ಸೀಳಿದ್ದನ್ನು ಅಟ್ಟಕ್ಕೆ ಸೇರಿಸುತ್ತಿದ್ದಳು.

ಒಂದು ಬಿಂದಿಗೆ ಅವಳ ಕೈತಪ್ಪಿ ಹೋಗಿತ್ತು. ಅದನ್ನು ಕೊಂಡಿದ್ದ ಮರಿಯಣ್ಣ ಸಂತೆಯ ದಿನ ಜನರ ಎದುರಿಗೇ ತಂದು ಇಟ್ಟಿದ್ದ. "ನೀವೇ ತಟ್ಟಿ ಕೊಟ್ರಲ್ಲ ಸಾ, ನೀವ್ ತಟ್ಟುದ್‌ಮ್ಯಾಕೆ ಇನ್ನೇನು ಅಂತ ತಗಂಡೋದೆ. ನೀರು ತುಂಬುದ್ರೆ ಸೋರ್ತದೆ ಕಣ್ ಸಾ!" ಚಂದ್ರಪ್ರಭಯ್ಯ ಪಾತ್ರೆ ಮಾಡಿದವನನ್ನು ಬೈದು ಸುಮ್ಮನಾಗಿದ್ದರು. ಇಂಥವು ಇನ್ನೆರಡಾದರೆ ಪೇಟೆಯಲ್ಲಿ ಅವರ ಮಾತಿಗೆ ಬೆಲೆಯಿರುವುದಿಲ್ಲ. ಹೇಳೋಣವೆಂದರೆ, ಕಿವಿಯೊಂದನ್ನೇ ಆಸ್ತಿಯೆಂದುಕೊಂಡ ಮನುಷ್ಯನಿಗೆ ಅದು ಹೋಯಿತೆಂದು ಹೇಳುವುದು ಹೇಗೆ? ಮರುದೇವಿಗೆ ಧೈರ್ಯ ಬಂದಿರಲಿಲ್ಲ. ಅಷ್ಟರಲ್ಲಿ ಅವರು ಮನೆಯ ರೇಡಿಯೋವಿನ ಗಂಟಲು ಕಟ್ಟಿದೆಯೆಂದು ತೀರ್ಮಾನಿಸಿ, ಕೊಂಡರೆ ಎಲ್ಲಕ್ಕಿಂತ ಒಳ್ಳೆಯದನ್ನೇ ಕೊಳ್ಳಬೇಕೆಂದು ಹಾಸನದ ಬಸ್ಸು ಹತ್ತಿಸಿದ್ದರು.

"ಅಲ್ಲಯ್ಯ," ಎಂದರು ಅವರು ಈಗ, "ನಾಗಸ್ವರಕ್ಕೆ ತಾಳವನ್ನೇ ಹಾಕಿಲ್ಲವಲ್ಲ, ಯಾವ ಸೀಮೆ ರೆಕಾರ್ಡು ಇದು?"

ಪರಮಶಿವಯ್ಯ ಬಾಯಿ ತೆರೆದ. ಕಂಚಿನ ತಾಳದ ಝಣಝಣ ಅಂಗಡಿಯ ಗಾಜಿನ ಬೀರುವಿಗೆಲ್ಲ ಕೇಳುತ್ತಿತ್ತು. ಮರುದೇವಿ ಬೇಡವೆಂದು ಕಣ್ಣು ಮಾಡಿದಳು. ಅವನು ಬಾಯಿ ಮುಚ್ಚಿಕೊಂಡು, ಸಣ್ಣ ದನಿಗಳನ್ನು ಎತ್ತಿ ತೋರಿಸುವ ಗುಂಡಿಯನ್ನು ಸ್ವಲ್ಪ ತಿರುಗಿಸಿದ.

"ಇಲ್ಲ."

ಇನ್ನಷ್ಟು ತಿರುಗಿಸಿದ.

"ಊಹೂಂ."

ಕೊನೆಯವರೆಗೂ ತಿರುಗಿಸಿದ. ಚಂದ್ರಪ್ರಭಯ್ಯನವರ ಮುಖ ಅರಳಿತು. "ಹಾ! ಈಗ ಬಂತು ನೋಡು! ಎಲ್ಲೋ ದೂರದಲ್ಲಿ, ಆದರೂ ಬಂತು. ಕೇಳಿದೆಯೇನೇ?" ಎನ್ನುತ್ತ ಹೆಂಡತಿಯ ಕಡೆ ತಿರುಗಿದರು.

ಮರುದೇವಿ ಎರಡೂ ಕಿವಿಗಳನ್ನು ಅಂಗೈಯಲ್ಲಿ ಮುಚ್ಚಿಕೊಂಡು ಕಣ್ಣು ಕಿವುಚಿ ಕುಳಿತಿದ್ದಳು. ಪರಮಶಿವಯ್ಯನೂ ಒಂದು ಕಿವಿಗೆ ಬೆರಳಿಟ್ಟಿದ್ದ. ಓಣಿಯಲ್ಲಿ ಹೋಗುತ್ತಿದ್ದ ಸೊಪ್ಪಿನವಳು ಬುಟ್ಟಿ ಹೊತ್ತಂತೆಯೇ ನಿಂತು ಒಳಗೆ ಇಣುಕಿ ಬೈದಳು. ಮರುದೇವಿ ತಟ್ಟನೆ ಕೈ ಇಳಿಸಿದಳು, ಆದರೆ ಹೊತ್ತು ಮೀರಿತ್ತು. ಗಂಡ ನೋಡಿಬಿಟ್ಟಿದ್ದರು.

ಪರಮಶಿವಯ್ಯ ರೆಕಾರ್ಡು ನಿಲ್ಲಿಸಿದ. ಚಂದ್ರಪ್ರಭಯ್ಯ ಸ್ಪೀಕರುಗಳನ್ನು ಬಿಟ್ಟು ಹೆಂಡತಿಯ ಮುಂದೆ ಬಂದು ನಿಂತರು.

"ತಾಳ ಮೊದಲಿಂದಲೂ ಇತ್ತೇನೇ?"

"ಇತ್ತು," ಎಂದಳು ಮರುದೇವಿ.

"ಮನೆ ರೇಡಿಯೋದಲ್ಲೂ?"

"ಅದಕ್ಕೇನೂ ಆಗಿಲ್ಲ ರೀ."

"ಮರಿಯಣ್ಣನ ಬಿಂದಿಗೆ?"

ಅವಳು ತಲೆ ತಗ್ಗಿಸಿದಳು. "ಅದೊಂದು ನಾನು ನೋಡಲಿಲ್ಲ. ಉಳಿದವನ್ನೆಲ್ಲ ಅಟ್ಟಕ್ಕೆ ಹಾಕಿದ್ದೀನಿ."

"ಉಳಿದವು!" ಎಂದವರೇ ಅವರು ಚಪ್ಪಲಿ ಮೆಟ್ಟಿ ಹೊರಟುಹೋದರು. ಓಣಿಯ ತುದಿಯ ಸೋಡಾ ಅಂಗಡಿಯ ಮುಂದೆ ಬೆನ್ನು ಹಾಕಿ ನಿಂತದ್ದು ಅವಳಿಗೆ ಕಾಣುತ್ತಿತ್ತು. ಎದ್ದು ಹೋಗಬೇಕೆನ್ನಿಸಿದರೂ ಸ್ಟೂಲಿನ ಮೇಲೆಯೇ ಕುಳಿತಳು. ಆರು ತಿಂಗಳು ಕಾಪಾಡಿದ್ದನ್ನು ತಾನೇ ತನ್ನ ಎರಡು ಕೈಯಿಂದ ಕೆಡವಿದೆನಲ್ಲ ಎಂದು ಅವಳ ಕಣ್ಣು ತುಂಬಿತು. ಪರಮಶಿವಯ್ಯ ಪಾಪ, ತಪ್ಪು ಮಾಡಿದವನಂತೆ ರೆಕಾರ್ಡನ್ನು ಒರೆಸಿದ್ದೇ ಒರೆಸಿದ. ಓಣಿಯ ಆಚೆ ಒಂದು ಬಸ್ಸು ಹೊರಟಿತು, ಇನ್ನೊಂದು ಬಂದು ನಿಂತಿತು.

ಚಂದ್ರಪ್ರಭಯ್ಯ ಹಿಂದಿರುಗಿ ಬಂದಾಗ ಮುಖ ತೊಳೆದುಕೊಂಡಿದ್ದರು. ಅಂಗವಸ್ತ್ರದಿಂದ ಒರೆಸಿಕೊಳ್ಳುತ್ತ, "ಮತ್ತೆ ಹಾಕಪ್ಪ," ಎಂದರು. "ಎರಡರಲ್ಲೂ ಹಾಕು. ಈ ಸಲ ಅವಳು ಕೇಳಲಿ."

"ಅಯ್ಯೋ, ನನಗೇನು ಗೊತ್ತಾಗುತ್ತೆ?"

"ಆರು ತಿಂಗಳು ನನ್ನ ಅಂಗಡಿ ನಡೆಸಿದವಳಿಗೆ ಇಷ್ಟು ಗೊತ್ತಾಗಲ್ವೇನೆ?" ಅವರ ದನಿಯಲ್ಲಿ ಸಿಟ್ಟು ಇನ್ನೂ ಸ್ವಲ್ಪ ಉಳಿದಿತ್ತು. ಆದರೆ ಸ್ಟೂಲನ್ನು ಎತ್ತಿ ಸ್ಪೀಕರುಗಳ ಎದುರಿಗೆ ಇಟ್ಟವರು ಅವರೇ.

ಮರುದೇವಿ ಕಣ್ಣು ಮುಚ್ಚಿ ಕೇಳಿದಳು. ಬೀಟೆಯ ಜೋಡಿ ಮುಗಿಯಿತು, ಬೂದು ಜೋಡಿ ಶುರುವಾಯಿತು. ಅರ್ಧದಲ್ಲೇ ಕೈಯೆತ್ತಿದಳು. "ಅದರಲ್ಲಿ ಪೆಟ್ಟಿಗೆ ಹಾಡುತ್ತೆ. ಇದರಲ್ಲಿ ಮನುಷ್ಯ ಊದ್ತಾನೆ. ಅವನು ಉಸಿರು ಎಳ್ಕೊಳ್ಳೋದೂ ಕೇಳುತ್ತೆ."

ಪರಮಶಿವಯ್ಯ ಬೆರಗಾದ. "ಆ ಬೀಟೆ ಪೆಟ್ಟಿಗೇದು ಅದೇ ಕಾಯಿಲೆ ಅಮ್ಮಾವ್ರೆ. ನಾನೇ ಮಾಡಿಸಿದ್ದಲ್ವಾ, ಹೇಳ್ಕೊಳ್ಳಾಕೆ ಮನ್ಸು ಬರ್ಲಿಲ್ಲ."

"ಹಾಗಾದರೆ ಬೂದು ಜೋಡೀನೇ ಕಟ್ಟು," ಎಂದರು ಚಂದ್ರಪ್ರಭಯ್ಯ.

"ನಿಮಗೇ ಕೇಳದಿದ್ದ ಮೇಲೆ ಇಷ್ಟು ದುಡ್ಡು ಯಾಕೆ ರೀ?"

"ನಿನಗೆ ಕೇಳುತ್ತಲ್ಲ."

ಸಂಜೆಯ ಬಸ್ಸಿನಲ್ಲಿ, ಜೈನರಾದ ಮೇಲೆ ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕಲ್ಲ, ಇಬ್ಬರೂ ಅವಸರದಲ್ಲಿ ಬುತ್ತಿ ಬಿಚ್ಚಿ ಚಪಾತಿ ತಿಂದರು. ನೀರು ಕುಡಿದು ಮುಗಿಸಿ ಚಂದ್ರಪ್ರಭಯ್ಯ, "ಮರಿಯಣ್ಣನಿಗೆ ಹೇಳಿಕಳಿಸಿ ಬೇರೆ ಬಿಂದಿಗೆ ಕೊಡ್ತೀನಿ. ತಪ್ಪು ನಂದೇ ಅಂತ ಹೇಳೇ ಕೊಡ್ತೀನಿ," ಎಂದರು. ಆಮೇಲೆ, "ನಾಳೆಯಿಂದ ಅಂಗಡೀಲಿ ನನ್ನ ಪಕ್ಕ ಕೂತ್ಕೋ."

"ಹೆಂಗಸು ಅಂಗಡೀಲಿ ಕೂತರೆ ಪೇಟೆಯವರು ಏನಂತಾರೆ?"

"ಸೋರೋ ಬಿಂದಿಗೆ ಮಾರಿದರೆ ಏನಂತಾರೋ, ಅದಕ್ಕಿಂತ ಕಮ್ಮೀನೇ ಅಂತಾರೆ."

ಅವಳು ಸೆರಗಿನ ಮರೆಯಲ್ಲಿ ನಕ್ಕಳು. ಎಷ್ಟೋ ದಿನದ ಮೇಲೆ ಎದೆ ಹಗುರಾಗಿತ್ತು.

ಭಾನುವಾರ ಬೆಳಿಗ್ಗೆ ಪರಮಶಿವಯ್ಯ ಸಾಮಾನು ಹೊತ್ತು ಬಂದು ನಡುಮನೆಯ ಗೋಡೆಗೆ ಎರಡು ಸ್ಪೀಕರುಗಳನ್ನು ನಿಲ್ಲಿಸಿದ. ಹಗ್ಗ ಹಿಡಿದು ಅಳೆದು, ಒಂದು ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, "ಸ್ಟೀರಿಯೋ ಅಂದ್ರೆ ಇಷ್ಟೇ ಸಾವ್ಕಾರ್ರೆ. ಸರಿಯಾಗಿ ಕೇಳೋ ಜಾಗ ಇದೊಂದೇ. ಒಬ್ರೇ ಕೂರ್ಬೇಕು," ಎಂದ.

ಚಂದ್ರಪ್ರಭಯ್ಯ ಒಳಗಿನಿಂದ ತಮ್ಮ ಬೆತ್ತದ ಕುರ್ಚಿಯನ್ನು ತಂದು ಗುರುತಿನ ಮೇಲೆ ಇಟ್ಟು, ಹೆಂಡತಿಯ ಭುಜ ಹಿಡಿದು ಅದರಲ್ಲಿ ಕೂರಿಸಿದರು. ಮನೆಗೆ ಬಂದವನ ಎದುರಿಗೆ ಗಂಡನ ಕುರ್ಚಿಯಲ್ಲಿ ಕೂರಲು ಅವಳಿಗೆ ನಾಚಿಕೆಯಾಯಿತು. ನಾಗಸ್ವರ ಶುರುವಾಯಿತು. ಅವಳು ನಿಧಾನವಾಗಿ ಬೆನ್ನು ಆನಿಸಿದಳು.

ಅವರು ಅಡಿಗೆಮನೆಯಿಂದ ಒಂದು ಮಣೆ ಹಿಡಿದು ಬಂದರು. ಸ್ಪೀಕರುಗಳಿಗೆ ಬೆನ್ನು ಮಾಡಿ, ಅವಳ ಎದುರಿಗೆ ಮಣೆ ಹಾಕಿ ಕುಳಿತು, ಅವಳ ಮುಖವನ್ನೇ ನೋಡತೊಡಗಿದರು. ಅವಳ ಹುಬ್ಬು ಏರಿದಾಗ ಅವರ ಹುಬ್ಬೂ ಏರಿತು. ಅವಳು ಕಣ್ಣು ಮುಚ್ಚಿ ನಕ್ಕಾಗ, ಅವರು ತಲೆದೂಗಿದರು.