ಗಾಜಿನ ಪೆಟ್ಟಿಗೆ ನಂಬರ್ ಹದಿನೇಳು

1

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕೆಂದು ನನಗೆ ಗೊತ್ತಿಲ್ಲ. ಗೊತ್ತಿಲ್ಲ ಎಂದು ಹೇಳಿಕೊಂಡೇ ಶುರು ಮಾಡುವುದು ಈಗ ಎಲ್ಲರೂ ಮಾಡುವ ಕಸುಬು ಎಂಬುದು ಮಾತ್ರ ಗೊತ್ತಿದೆ. ಸದ್ಯಕ್ಕೆ ನನ್ನ ಬಳಿ ಮೂರು ಆರಂಭಗಳಿವೆ, ನೋಡಿ.

ಒಂದು: ‘2004ರ ಮೇ ತಿಂಗಳ ಆ ಬೆಳಿಗ್ಗೆ ಚಾಮರಾಜನಗರದ ಚರ್ಚ್ ಕಾಂಪೌಂಡಿನಲ್ಲಿ ಗುಲ್‌ಮೊಹರ್ ಕೆಂಪಗೆ ಅರಳಿತ್ತು.’ (ಅರಳಿತ್ತೋ ಇಲ್ಲವೋ ನೆನಪಿಲ್ಲ. ಮೇ ತಿಂಗಳಲ್ಲಿ ಕಥೆಗಾರರಿಗೆ ಬೇರೆ ಮರ ಸಿಗುವುದಿಲ್ಲ.)

ಎರಡು: ‘ಚರ್ಚಿನ ತೋಟದ ಮಾದಪ್ಪ ಸೇರಿನ ತಳದಲ್ಲಿದ್ದ ಒಂದು ಹಿಡಿ ರಾಗಿಯನ್ನು ಕಿಟಕಿಯಿಂದಾಚೆ ಸುರಿದುಬಿಟ್ಟ.’

ಮೂರು: ‘ಹಳೆಯ ವಸ್ತುಗಳಲ್ಲಿ ಕಾಳುಕಡಿ ಇದ್ದರೆ ಹುಳ ಬೀಳುತ್ತದೆ, ಎಲ್ಲ ಖಾಲಿ ಮಾಡಿ ಎಂದು ಫಾದರ್ ಆರೋಗ್ಯಸ್ವಾಮಿ ಆಜ್ಞೆ ಮಾಡಿದರು.’

ಎರಡನೆಯದು ನನಗೆ ಇಷ್ಟವಾಗಿತ್ತು. ಒಂದೇ ವಾಕ್ಯದಲ್ಲಿ ಸೇರು, ರಾಗಿ, ಕಿಟಕಿ, ತಪ್ಪಿತಸ್ಥ, ಎಲ್ಲ ಬಂದುಬಿಡುತ್ತವೆ. ಅದನ್ನೇ ಹಿಡಿದು ನಾಲ್ಕು ಪುಟ ಬರೆದೆ. ಐದನೆಯ ಪುಟದಲ್ಲಿ ಮಾದಪ್ಪ ಕುಡುಗೋಲು ಕೆಳಗಿಟ್ಟು ನನ್ನ ಕಡೆ ತಿರುಗಿದ.

"ಏನ್ ಮೇಷ್ಟ್ರೇ, ನಾ ಯಾವಾಗ ಸುರುದೆ ರಾಗಿಯ?"

"ಕಥೆ ಮಾದಪ್ಪ. ಕಥೇಲಿ ಯಾರಾದ್ರೂ ಸುರೀಬೇಕಲ್ಲ."

"ಯಾರಾದ್ರೂ ಅಂದ್ರ ತೋಟದವನೇ ಆಗ್ಬೇಕಾ? ನಂಗೊಂದು ಹಿಡಿ ರಾಗಿ ಬೆಲೆ ಗೊತ್ತಿಲ್ವಾ? ಬುಡಿ ಬುಡಿ, ನನ್ ಮ್ಯಾಲ ಯಾಕ ಆಕೀರಿ?"

ನಾಲ್ಕೂ ಪುಟ ಹರಿದೆ.

2

ಮ್ಯೂಸಿಯಂ ಬಗ್ಗೆ ಹೇಳದೆ ಮುಂದೆ ಹೋದರೆ ನಿಮಗೆ ದಿಕ್ಕು ತಪ್ಪುತ್ತದೆ.

ಚರ್ಚಿನವರ ಹಳೆಯ ಹಾಸ್ಟೆಲ್ ಕಟ್ಟಡ, ಮೂರು ಕೋಣೆ, ಮಂಗಳೂರು ಹೆಂಚು. ಹುಡುಗರು ಹಾಸ್ಟೆಲ್ ಬಿಟ್ಟ ಮೇಲೆ ಫಾದರ್ ಆರೋಗ್ಯಸ್ವಾಮಿ ಅದನ್ನು ಕಲಾ ಸಂಗ್ರಹಾಲಯ ಮಾಡಿದರು. ಬೋರ್ಡಿನ ಮೇಲೆ ಉದ್ದ ಹೆಸರಿತ್ತು. ಊರಿನವರು ‘ಫಾದ್ರು ಮ್ಯೂಸಿಯಂ’ ಅನ್ನುತ್ತಿದ್ದರು. ಮೊದಲ ಕೋಣೆಯಲ್ಲಿ ಹೊಂಗೆ ಮರದ ಕೆಳಗೆ ಚಕ್ಕಳಮಕ್ಕಳ ಹಾಕಿ ಕೂತ ಯೇಸು, ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ನೂಲಿನ ಸೀರೆಯುಟ್ಟ ಮರಿಯಮ್ಮ. ನೋಡಲು ಬಂದ ಹೆಂಗಸರು ಆ ಚಿತ್ರದ ಮುಂದೆ ನಿಂತು, "ಕೂಸ್ಗ ಒಂದ್ ಕುಲಾವಿನಾದ್ರೂ ಕಟ್ಬಾರ್ದಾ, ಗಾಳಿ" ಎಂದು ಮಾತಾಡಿಕೊಂಡದ್ದನ್ನು ನಾನೇ ಕೇಳಿದ್ದೇನೆ. ಕಲಾವಿಮರ್ಶೆ ಅದಕ್ಕಿಂತ ಮುಂದಕ್ಕೆ ಹೋದದ್ದನ್ನು ಆಮೇಲೆ ನಾನೆಲ್ಲೂ ನೋಡಲಿಲ್ಲ.

ವರ್ಷಕ್ಕೆ ಮೂರೋ ನಾಲ್ಕೋ ಕಾರ್ಯಕ್ರಮ. ಡಿಸೆಂಬರಿನಲ್ಲಿ ತಮಟೆ ಬಡಿದು ಕ್ಯಾರಲ್. ಬೇಸಗೆಯಲ್ಲಿ ಶಾಲೆ ಮಕ್ಕಳಿಗೆ ಚಿತ್ರ ಬಿಡಿಸುವ ಸ್ಪರ್ಧೆ. ವಿಷಯ ಏನೇ ಕೊಟ್ಟರೂ ಎಲ್ಲ ಮಕ್ಕಳೂ ಎರಡು ಬೆಟ್ಟ, ನಡುವೆ ಸೂರ್ಯ ಬಿಡಿಸುತ್ತಿದ್ದರು. ಫಾದರ್ ಎಲ್ಲರಿಗೂ ಸಮಾಧಾನಕರ ಬಹುಮಾನ ಕೊಡುತ್ತಿದ್ದರು. ಒಂದು ಸಲ ಬಂಡೀಪುರದ ಫೋಟೋಗಳ ಪ್ರದರ್ಶನ ಇಟ್ಟಿದ್ದೆವು. ಬಂಡೀಪುರದ ಕಾಡಂಚಿನ ಮದ್ದೂರಿನ ಕಡೆಯಿಂದ ಬಂದಿದ್ದ ಲಿಂಗಯ್ಯ ಎಂಬುವರು ಒಂದು ಆನೆಯ ಫೋಟೋದ ಮುಂದೆ ನಿಂತು, "ಇದೇ ಕಣ್ ಸಾ ನಮ್ ಬಾಳೆ ಮುರುದ್ದು, ಕಿವಿ ಹರ್ದದ ನೋಡಿ" ಎಂದು ಫಾದರ್‌ಗೆ ದೂರು ಕೊಟ್ಟರು. ಫಾದರ್ ಆ ದೂರನ್ನು ಅಭಿಪ್ರಾಯ ಪುಸ್ತಕದಲ್ಲಿ ಬರೆಸಿಕೊಂಡರು.

ನಾನು ಯಾರು? ಸೋಮೇಶ್. ಊರು ಬೇಗೂರು. ಆಗ ಗುಂಡ್ಲುಪೇಟೆಯ ಒಂದು ಕಾಲೇಜಿನಲ್ಲಿ ಪಾರ್ಟ್‌ಟೈಮ್ ಕನ್ನಡ ಮೇಷ್ಟ್ರು. ಶನಿವಾರ ಭಾನುವಾರ ಬಸ್ಸು ಹತ್ತಿ ಬಂದು ಮ್ಯೂಸಿಯಮ್ಮಿನ ವಸ್ತುಗಳಿಗೆ ಲೇಬಲ್ ಬರೆಯುತ್ತಿದ್ದೆ. ನಾಲ್ಕು ಸಾಲಿನಲ್ಲಿ ಒಂದು ವಸ್ತುವಿನ ಜಾತಕ. ಆ ನಾಲ್ಕು ಸಾಲಿನಷ್ಟು ಖಚಿತವಾಗಿ ಆಮೇಲೆ ನಾನೇನನ್ನೂ ಬರೆಯಲಿಲ್ಲ, ಈ ಕಥೆಯೇ ಸಾಕ್ಷಿ.

2 (ಮತ್ತೆ. ಹಿಂದಿನ ಎರಡರಲ್ಲಿ ಸೇರು ಬರಲೇ ಇಲ್ಲ)

ಆ ವರ್ಷದ ಮೇ ಪ್ರದರ್ಶನಕ್ಕೆ ಫಾದರ್ ‘ಅಳತೆ’ ಎಂದು ಹೆಸರಿಟ್ಟರು. ಪಾವು, ಸೇರು, ಬಳ್ಳ, ಕೊಳಗ; ಕಿಲೋ ಲೀಟರುಗಳು ಬಂದ ಮೇಲೆ ಅಟ್ಟ ಸೇರಿದ ಅಳತೆಯ ಪಾತ್ರೆಗಳೆಲ್ಲ. "ತಂಬಿ, ಅದೂ ಶಿಲ್ಪವೇ," ಅಂದರು. "ಕೈ ಮುಟ್ಟಿ ಮುಟ್ಟಿ ಆದ ಶಿಲ್ಪ."

ಹುಡುಕಿಕೊಂಡು ಹರದನಹಳ್ಳಿಗೆ ಹೋದೆ. ಅಲ್ಲಿ ಗುರುಮಲ್ಲಮ್ಮ ಎಂಬ ಅರವತ್ತು ದಾಟಿದ ಹೆಂಗಸಿನ ಮನೆಯಲ್ಲಿ ಒಂದು ಸೇರು ಸಿಕ್ಕಿತು. ಹೊನ್ನೆ ಮರ, ಬಾಯಿಗೂ ಬುಡಕ್ಕೂ ಹಿತ್ತಾಳೆ ಕಟ್ಟು, ಅಂಚಿನಲ್ಲಿ ಬಳ್ಳಿಯ ಕೆತ್ತನೆ. ಅವರು ಕೂಡಲೇ ಕೊಡಲಿಲ್ಲ. ನನ್ನ ಊರು ಕೇಳಿದರು, ಮನೆದೇವರು ಕೇಳಿದರು, ಚರ್ಚಿನವರ ಸಂಗ ಹೇಗಾಯಿತು ಎಂದು ಕೇಳಿದರು. ಆಮೇಲೆ ಸೇರಿನ ಬಾಯಿಗೆ ಹಳೆಯ ಕುಬಸದ ಬಟ್ಟೆ ಕಟ್ಟಿ ನನ್ನ ಕೈಲಿಟ್ಟರು.

"ನಮ್ಮತ್ತೆ ಸೇರು ಕಣಪ್ಪ. ನಮ್ಮತ್ತೆಗ ಅವ್ರತ್ತೆ ಕೊಟ್ಟುದ್ದು. ಉಸಾರಾಗಿ ತಕ್ಕೊಂಡೋಗಿ ಉಸಾರಾಗಿ ತಂದ್ಬುಡು."

ಬಟ್ಟೆಯೊಳಗೆ ಏನಿದೆ ಎಂದು ಅವರು ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ. ನಮ್ಮ ಕಡೆ ಸೇರನ್ನು ಯಾರೂ ಬರಿದು ಮಾಡುವುದಿಲ್ಲ. ತಳದಲ್ಲಿ ಒಂದು ಹಿಡಿ ಕಾಳು ಇರಲೇಬೇಕು. ಹೊಸ ರಾಗಿ ಬಂದಾಗ ಆ ಹಿಡಿಯನ್ನು ರಾಶಿಗೆ ಬೆರೆಸಿ, ಅದೇ ರಾಶಿಯಿಂದ ಮತ್ತೆ ಒಂದು ಹಿಡಿ ತೆಗೆದು ತಳಕ್ಕೆ ಹಾಕುತ್ತಾರೆ. ಹಾಗೆ ಅತ್ತೆಯ ಅತ್ತೆಯ ಕಾಲದ ರಾಗಿ ಇವತ್ತಿನ ಸೇರಿನಲ್ಲೂ ಇದೆ ಎಂದು ಲೆಕ್ಕ. (ಹೋಮಿಯೋಪತಿಯವರು ಒಪ್ಪುವಂಥ ಲೆಕ್ಕ.)

4

ಮೂರನ್ನು ಬಿಟ್ಟದ್ದು ಬೇಕೆಂದೇ. ಅದರಲ್ಲಿ ಫಾದರ್ ತಪ್ಪಿತಸ್ಥರು. ಬರೆದು ಮುಗಿಸಿ ಓದಿದಾಗ ಫಾದರ್ ಕನ್ನಡಕ ಒರೆಸಿಕೊಂಡು, "ಪರವಾಗಿಲ್ಲ ತಂಬಿ, ನನ್ನ ಹೆಸರೇ ಇರಲಿ," ಅಂದರು. ಮಾದಪ್ಪನ ಹಾಗೆ ಜಗಳವಾಡಿದ್ದರೆ ಉಳಿಸಿಕೊಳ್ಳುತ್ತಿದ್ದೆ. ಒಪ್ಪಿಕೊಂಡ ಮೇಲೆ ಹರಿಯದೆ ದಾರಿಯಿರಲಿಲ್ಲ.

ಆದ್ದರಿಂದ ನಾಲ್ಕು:

ಉದ್ಘಾಟನೆಗೆ ಇನ್ನೂ ಎರಡು ಗಂಟೆ ಇತ್ತು. ಕೋಣೆಯಲ್ಲಿ ನಾನೊಬ್ಬನೇ. ಹುಣಸೆಹಣ್ಣು ಹಚ್ಚಿ ಹಿತ್ತಾಳೆ ಕಟ್ಟುಗಳನ್ನು ತಿಕ್ಕಿ, ಗಾಜಿನ ಪೆಟ್ಟಿಗೆ ನಂಬರ್ ಹದಿನೇಳರಲ್ಲಿ ಸೇರನ್ನು ಒಂದಿಷ್ಟು ಓರೆಯಾಗಿ ಇಡಬೇಕೆಂದಿದ್ದೆ, ಬೆಳಕು ಒಳಗಡೆ ಬೀಳುವ ಹಾಗೆ. ಬಟ್ಟೆ ಬಿಚ್ಚಿದೆ. ಒಂದು ಹಿಡಿ ರಾಗಿ.

ನನಗೆ ಗೊತ್ತಿತ್ತು. ಬೇಗೂರಿನ ನಮ್ಮ ಮನೆಯ ಸೇರಿನಲ್ಲೂ ಇದೆ. ಚಿಕ್ಕವನಿದ್ದಾಗ ಒಂದು ಸಲ ಅದನ್ನು ಕೋಳಿಗೆ ಹಾಕಿ ನಮ್ಮವ್ವನಿಂದ ಬೆನ್ನಿಗೆ ತಿಂದಿದ್ದೆ. ಆದರೆ ಆ ಬೆಳಿಗ್ಗೆ ನಾನು ಬೇಗೂರಿನವನಾಗಿರಲಿಲ್ಲ, ಮ್ಯೂಸಿಯಮ್ಮಿನವನಾಗಿದ್ದೆ. ಸೇರನ್ನು ಓರೆ ಇಟ್ಟರೆ ರಾಗಿ ಚೆಲ್ಲುತ್ತದೆ. ‘ಕಸ’ ಎಂಬ ಪದ ನನ್ನ ತಲೆಗೆ ಬಂತು, ಪದ ಬಂದದ್ದೇ ಕೈ ಕಿಟಕಿಯಿಂದಾಚೆ ಹೋಯಿತು. ಆಮೇಲೆ ಒದ್ದೆ ಬಟ್ಟೆಯಿಂದ ತಳವನ್ನೂ ಒರೆಸಿದೆ. ಅಷ್ಟು ಚೊಕ್ಕ.

(ಇದನ್ನು ಬರೆಯಲು ಇಷ್ಟು ವರ್ಷ ಬೇಕಾಯಿತು. ಓದಲು ನಿಮಗೆ ಅರ್ಧ ನಿಮಿಷ. ಈ ಅಳತೆಗೆ ಯಾವ ಸೇರೂ ಇಲ್ಲ.)

5

ಉದ್ಘಾಟನೆ ಚೆನ್ನಾಗಿಯೇ ಆಯಿತು. ಕಂಸಾಳೆಯವರು ಕುಣಿದರು. ಅದಾದ ಮೇಲೆ ಚರ್ಚಿನ ಹೆಣ್ಣುಮಕ್ಕಳು ಬಿಳಿ ಸೀರೆಯಲ್ಲಿ ನಿಂತು ಹಾಡಿದರು. ಅತಿಥಿಗಳು ಅಳತೆ ಎಂಬ ಪದವನ್ನು ಹದಿನಾಲ್ಕು ಸಲ ಬಳಸಿ ಅಳತೆ ಮೀರಿ ಮಾತಾಡಿದರು.

ಗುರುಮಲ್ಲಮ್ಮ ತಮ್ಮ ಬೀದಿಯ ಆರು ಹೆಂಗಸರನ್ನು ಕಟ್ಟಿಕೊಂಡು ಬಸ್ಸಿನಲ್ಲಿ ಬಂದಿದ್ದರು. ಎಲ್ಲರೂ ಚಪ್ಪಲಿ ಬಾಗಿಲಾಚೆ ಬಿಟ್ಟರು. ಬೇಡಿ ಎಂದರೂ ಕೇಳಲಿಲ್ಲ. ಸೀದಾ ಹದಿನೇಳನೆಯ ಪೆಟ್ಟಿಗೆಗೆ ಬಂದರು. ಲೇಬಲ್ಲಿನಲ್ಲಿ ಅವರ ಹೆಸರಿತ್ತು. ಜೊತೆಯಲ್ಲಿದ್ದ ಪುಟ್ಟಸಿದ್ದಮ್ಮ, "ಅಕ್ಕಯ್ಯ, ನಿನ್ ಸೇರ್ಗ ಲೈಟ್ ಬುಟ್ಟವರಲ್ಲ ಕಣವ್ವ!" ಎಂದು ಬಾಯಿ ಬಿಟ್ಟರು.

ಗುರುಮಲ್ಲಮ್ಮ ನೋಡಿದ್ದು ಬೆಳಕನ್ನಲ್ಲ. ಗಾಜಿಗೆ ಹಣೆ ತಾಗಿಸಿ ಸೇರಿನ ಒಳಗೆ ನೋಡಿದರು. ಆಮೇಲೆ ನನ್ನನ್ನು.

"ಅದ್ರೊಳಗಿದ್ದುದು ಎಲ್ಲಪ್ಪ?"

ಸುತ್ತ ಜನ. ಪಕ್ಕದಲ್ಲಿ ಫಾದರ್. ನಾನು ಅಂದೆ: "ಜೋಪಾನವಾಗಿ ಎತ್ತಿಟ್ಟಿವ್ನಿ ಅವ್ವ. ಡಬ್ಬಿಲಿ."

ಆ ಮುಖ ಅರಳಿದ್ದನ್ನು ವರ್ಣಿಸುವುದಿಲ್ಲ. ಅವರು ಆರು ಹೆಂಗಸರ ಕಡೆ ತಿರುಗಿ, "ನೋಡ್ದ್ರಾ, ಒಂದ್ ಹಿಡಿ ರಾಗಿಯೂವಿ ಎತ್ತಿಟ್ಟವರ. ಇಂಥೋರ ಕೈಗ ಕೊಟ್ರ ಏನೂ ಹಾಳಾಗಲ್ಲ," ಅಂದರು. ಫಾದರ್ ನನ್ನ ಬೆನ್ನು ತಟ್ಟಿದರು.

6

ಪ್ರದರ್ಶನ ಹದಿನೈದು ದಿನ. ಬದಲಿ ರಾಗಿಗೆಂದು ಅಂಗಡಿಗೆ ಹೋಗಿ ಕೈಹಾಕಿ ನೋಡಿದೆ, ಧೈರ್ಯ ಬರಲಿಲ್ಲ. ಕೊನೆಗೆ ಬೇಗೂರಿನ ನಮ್ಮ ಮನೆಯ ಸೇರಿನ ತಳದಿಂದಲೇ ಅರ್ಧ ಹಿಡಿ ತೆಗೆದೆ. ಎಲ್ಲವನ್ನೂ ಅಲ್ಲ; ಅಷ್ಟು ಬುದ್ಧಿ ಅಷ್ಟರಲ್ಲಿ ಬಂದಿತ್ತು. ಫಾದರ್‌ಗೆ ಹೇಳಲಿಲ್ಲ. ಪಾಪನಿವೇದನೆಯ ಸೌಲಭ್ಯ ಅವರ ಸಭೆಯವರಿಗೆ ಮಾತ್ರ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಒಂದು ಭಾನುವಾರ, ಪೂಜೆ ಮುಗಿದ ಮೇಲೆ, ಫಾದರ್ ಸ್ಕೂಟರಿನ ಹಿಂದೆ ಸೇರನ್ನು ತೊಡೆಯ ಮೇಲಿಟ್ಟುಕೊಂಡು ಹರದನಹಳ್ಳಿಗೆ ಹೋದೆ.

ಇಲ್ಲಿಂದ ಮುಂದಕ್ಕೆ ಆಯ್ಕೆ ನಿಮ್ಮದು.

ಅ) ಗುರುಮಲ್ಲಮ್ಮನಿಗೆ ಗೊತ್ತಾಗುವುದಿಲ್ಲ. ಸೇರನ್ನು ಕಣ್ಣಿಗೊತ್ತಿಕೊಂಡು ಒಳಗಿಡುತ್ತಾರೆ. ಮಜ್ಜಿಗೆ ಕೊಡುತ್ತಾರೆ. ನಾವು ಕುಡಿದು ಬರುತ್ತೇವೆ. (ಓದುಗರು ಇದನ್ನು ನಂಬುವುದಿಲ್ಲ. ಮಜ್ಜಿಗೆಯನ್ನು ಮಾತ್ರ ನಂಬುತ್ತಾರೆ.)

ಆ) ಗೊತ್ತಾಗುತ್ತದೆ. ಎದೆ ಒಡೆದು ಹಾಸಿಗೆ ಹಿಡಿಯುತ್ತಾರೆ, ಕಾರ್ತೀಕದ ಹೊತ್ತಿಗೆ...

"ಒಂದ್ ಹಿಡಿ ರಾಗಿಗ ನಾ ಯಾಕಪ್ಪ ಸಾಯ್ಲಿ?" ಗುರುಮಲ್ಲಮ್ಮ ಕಥೆಯೊಳಗಿಂದಲೇ ತಡೆದರು. "ಅವರೆ ಬಿತ್ನ ಯಾರ್ ಮಾಡಾರು, ನೀ ಮಾಡೀಯಾ? ಆದುದ್ದ ಬರಿ."

ಆದದ್ದು ಇದು. ಅವರು ಫಾದರ್‌ಗೆ ಕಂಬಳಿ ಹಾಸಿ, ಮಠದ ಸ್ವಾಮಿಗಳಿಗೆ ಅನ್ನುವ ಹಾಗೆ "ಕುತ್ಕೊಳಿ ಬುದ್ದಿ" ಅಂದರು. ಸೇರನ್ನು ಮೊರದ ಮೇಲೆ ಬಗ್ಗಿಸಿ, ಕಾಳನ್ನು ಬೆರಳಲ್ಲಿ ಹರಡಿ, ಒಂದೆರಡನ್ನು ಹಲ್ಲಿಗೆ ಕೊಟ್ಟು ನೋಡಿದರು.

"ಚಂದಾಗದ ರಾಗಿ. ಯಾವೂರ್ದು?"

ಸ್ಕೂಟರ್ ಹತ್ತಿ ಓಡಿಹೋಗಬಹುದಿತ್ತು, ಓಡಿಸಲು ಬರುತ್ತಿರಲಿಲ್ಲ. "ಬೇಗೂರ್ದು," ಅಂದೆ.

"ನಿಮ್ಮವ್ವನ ಮನೇದಾ?"

"ಊಂ."

"ಸೇರ್ನ ತಳದ್ದಾ?"

"ಊಂ ಅವ್ವ."

ಫಾದರ್ ನಮ್ಮಿಬ್ಬರನ್ನೂ ಬದಲಿಸಿ ಬದಲಿಸಿ ನೋಡಿದರು. ಗುರುಮಲ್ಲಮ್ಮ ಹರಡಿದ ಕಾಳನ್ನು ಮೊರದ ಮೂಲೆಗೆ ಒಟ್ಟುಮಾಡಿದರು. ಆಮೇಲೆ ಆ ರಾಗಿಯನ್ನು ಒಂದು ಕಾಳೂ ಬಿಡದೆ ನನ್ನ ಟವಲ್ಲಿಗೆ ಕಟ್ಟಿ ವಾಪಸ್ ಕೊಟ್ಟರು.

"ನಿಮ್ಮವ್ವನ್ದು ನಿಮ್ಮವ್ವನ್ ಮನೇಲಿ ಇರ್ಲಿ. ಅವಳ್ಗ ಕೇಳ್ದೆ ತಂದಿರ್ತೀಯ, ನಂಗೊತ್ತು. ನಮ್ದು ಎಲ್ಲಿ ಆಕ್ದೆ?"

"ಕಿಟಕಿ ಆಚ್ಗ."

"ಮಣ್ಣಾ, ಸಿಮಿಟಾ?"

"ಮಣ್ಣು."

"ಅಂಗಾರ ಓಗು, ನೋಡು. ನಾಕ್ ಕಾಳಾದ್ರೂ ತಂದ್ಕೊಡು. ಅಲ್ಲೀಗಂಟ ಇದು ಬರಿದೇ ಇರ್ತದ." ಅವರು ಖಾಲಿ ಸೇರನ್ನು ಗೂಡಿನಲ್ಲಿಟ್ಟರು, ಬಾಯಿ ಕೆಳಗೆ ಮಾಡಿ. ನಮ್ಮ ಕಡೆ ಸೇರನ್ನು ಹಾಗೆ ಬೋರಲು ಇಡುವುದಿಲ್ಲ.

ಬರುವಾಗ ಫಾದರ್ ಸ್ಕೂಟರ್ ನಿಧಾನ ಓಡಿಸಿದರು. ಊರು ದಾಟಿದ ಮೇಲೆ ಕೇಳಿದರು: "ತಂಬಿ, ಲೇಬಲ್ಲಿನಲ್ಲಿ ಅದನ್ನು ಬರೆಯಲಿಲ್ಲ ಅಲ್ಲವೇ ನಾವು? ಒಳಗೆ ಏನಿತ್ತು ಅಂತ."

ಬರೆದಿರಲಿಲ್ಲ.

7

ಅದೇ ಸಂಜೆ ಕಿಟಕಿ ಹಿಂದೆ ಹೋಗಿ ಮಂಡಿಯೂರಿ ಹುಡುಕಿದೆ. ಗುಬ್ಬಚ್ಚಿಗಳು ಹದಿನೈದು ದಿನ ಮುಂಚೆಯೇ ನನಗಿಂತ ಶ್ರದ್ಧೆಯಿಂದ ಹುಡುಕಿದ್ದವು. ಒಂದು ಕಾಳೂ ಸಿಗಲಿಲ್ಲ. ಆಮೇಲೆ ಕಾಲೇಜು ಶುರುವಾಯಿತು ಎಂಬ ನೆಪ, ಬಸ್ಸಿಲ್ಲ ಎಂಬ ನೆಪ. ಶನಿವಾರಗಳು ತಪ್ಪಿದವು. ಜೂನ್ ಹೋಯಿತು.

ಜುಲೈನಲ್ಲಿ ಒಂದು ಮಧ್ಯಾಹ್ನ ಮಾದಪ್ಪ ಯಾವುದೋ ಕೆಲಸಕ್ಕೆಂದು ಗುಂಡ್ಲುಪೇಟೆಗೆ ಬಂದವನು ಕಾಲೇಜಿನ ಗೇಟಿನ ಬಳಿ ಸಿಕ್ಕಿದ.

"ಮೇಷ್ಟ್ರೇ, ಮಳ ಆಯ್ತಲ್ಲ, ನಿಮ್ ಕಿಟಕಿ ಹಿಂದ ಅದೇನೋ ಹಸುರು ಎದ್ದದ. ಫಾದ್ರು ಕಳ ತಗೀಬ್ಯಾಡ ಮಾದಪ್ಪ, ಸೋಮೇಶ್ ಬರ್ಲಿ ಅಂದವರ."

"ಏನ್ ಹಸುರು? ಗರಿಕೆನಾ?"

"ನಾ ಏಳಲ್ಲ. ಆಮೇಲ ನಾನೇ ಏಳ್ದೆ, ನಾನೇ ಬಿತ್ತಿದ್ದೆ ಅಂತ ಬರ್ದೀರಿ. ಬಂದ್ ನೋಡ್ಕಳಿ."

ಗರಿಕೆ ಮತ್ತು ರಾಗಿ ಪೈರು ಎಳೆಯದರಲ್ಲಿ ಒಂದೇ ಥರ ಕಾಣುತ್ತವೆ ಎಂದು ಪೇಟೆಯ ಓದುಗರಿಗಾಗಿ ಹೇಳುತ್ತಿದ್ದೇನೆ. (ನಮ್ಮಂಥವರು ಬುಡ ಮುಟ್ಟಿ ನೋಡಬೇಕು. ಗುರುಮಲ್ಲಮ್ಮನಂಥವರು ದೂರದಿಂದಲೇ ಹೇಳುತ್ತಾರೆ.)

ಆ ಶನಿವಾರ ಬೆಳಗಿನ ಬಸ್ಸಿಗೆ ಹೋದೆ. ಮೊದಲು ಹರದನಹಳ್ಳಿಗೆ ಹೋಗಿ, ಗುರುಮಲ್ಲಮ್ಮನನ್ನು ಕರೆದುಕೊಂಡೇ ಚಾಮರಾಜನಗರಕ್ಕೆ ಬಂದೆ. ಅಷ್ಟನ್ನಾದರೂ ಸರಿಯಾಗಿ ಮಾಡಿದೆ. ದಾರಿಯುದ್ದಕ್ಕೂ ಅವರ ಮಡಿಲಲ್ಲಿ ಖಾಲಿ ಸೇರು ಇತ್ತು, ಬಾಯಿಗೆ ಅದೇ ಕುಬಸದ ಬಟ್ಟೆ. ಕಾಂಪೌಂಡಿನಲ್ಲಿ ಫಾದರ್ ಛತ್ರಿ ಹಿಡಿದು ಕಾಯುತ್ತಿದ್ದರು. ಸಣ್ಣಗೆ ಹನಿಯುತ್ತಿತ್ತು. ನಾವು ಮೂವರೂ, ಹಿಂದೆ ಮಾದಪ್ಪ, ಮೊದಲ ಕೋಣೆ ದಾಟಿ, ಎರಡನೆಯದು ದಾಟಿ, ಗೋಡೆಯನ್ನು ಬಳಸಿ ಕಿಟಕಿಯ ಹಿಂದಕ್ಕೆ ತಿರುಗಿದೆವು. ಹಸಿರು ಇತ್ತು, ಗೇಣುದ್ದ. ನಾನು ಬಗ್ಗಿ ಬುಡಕ್ಕೆ ಕೈ ಹಾಕಿದೆ.

"ಸಾಕು ನಿಲ್ಸು," ಅಂದರು ಗುರುಮಲ್ಲಮ್ಮ.

ಅಂದು ಅಂದರೋ, ಈಗ ಇದನ್ನು ಬರೆಯುವಾಗ ಅಂದರೋ, ಕೇಳಬೇಡಿ.

"ಕಥೆಯೂವಿ ಅಷ್ಟೂ ಸುರುದ್ಬುಡ್ಬ್ಯಾಡ ಕಣಪ್ಪ. ಒಂದ್ಸಲ ಮಾಡಿದ್ದು ಸಾಲ್ದಾ? ತಳದಲ್ಲಿ ಒಂದು ಹಿಡಿ ಇರ್ಲಿ."

(ಆದ್ದರಿಂದ, ಓದುಗರೇ, ನನ್ನ ಕೈ ಇನ್ನೂ ಆ ಒದ್ದೆ ಮಣ್ಣಿನಲ್ಲೇ ಇದೆ, ಗುರುಮಲ್ಲಮ್ಮ ಸೇರಿನ ಬಟ್ಟೆ ಬಿಚ್ಚುತ್ತಿದ್ದಾರೆ, ಮತ್ತು