ಬೆನ್ನಿಗೆ ಮಣ್ಣು

ಒಂಟಿಕೊಪ್ಪಲಿನ ಹಿಂಬದಿಯ ಓಣಿಯಲ್ಲಿರುವ ಗರಡಿಮನೆಗೆ ಲಿಂಗಯ್ಯನವರೇ ಉಸ್ತಾದ್. ಕುಸ್ತಿ ಆಡಿದಷ್ಟು ಕಾಲವೂ ಅವರ ಬೆನ್ನಿಗೆ ಯಾರೂ ಮಣ್ಣು ಹತ್ತಿಸಿರಲಿಲ್ಲ. ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ತಾಗಿತೆಂದರೆ ಮುಗಿಯಿತು, ಸೋತ ಹಾಗೆ. ಎಪ್ಪತ್ತು ದಾಟಿದ ಮೇಲೂ ಮುದುಕರು ಆ ಒಂದು ಹೆಸರಿನ ಮೇಲೆಯೇ ಎದೆ ಸೆಟೆಸಿಕೊಂಡು ಓಡಾಡುತ್ತಿದ್ದರು. ಮೈ ಕರಗಿಹೋಗಿತ್ತು ಅನ್ನಿ. ಹೆಮ್ಮೆ ಮಾತ್ರ ಗುಂಡುಕಲ್ಲಿನಂತೆ ಇತ್ತು.

ಇಂಥವರ ಮೊಮ್ಮಗಳು ತನ್ಮಯಿ. ಕಾಲೇಜಿನಲ್ಲಿ ಎನ್‌ಸಿಸಿ ಸೇರಿದ್ದವಳು, ಸ್ಕೀಯಿಂಗ್ ಕಲಿಯಲು ಕಾಶ್ಮೀರಕ್ಕೆ ಹೋಗುವ ತಂಡಕ್ಕೆ ಹೆಸರು ಕೊಟ್ಟು ಬಂದಳು. ಕಾಲಿಗೆ ಉದ್ದನೆಯ ಹಲಗೆ ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಆಟ. ಆ ಓಣಿಯಲ್ಲಿ ಫ್ರಿಜ್ಜಿನೊಳಗಿನದು ಬಿಟ್ಟರೆ ಬೇರೆ ಹಿಮ ಕಂಡವರೇ ಇರಲಿಲ್ಲ. ತೊಡೆಯಲ್ಲಿ ಕಸುವು ಬೇಕು, ಸೊಂಟ ಗಟ್ಟಿಯಿರಬೇಕು ಎಂದು ಅವಳು ಹೇಳಿದ್ದೇ ತಡ, ಲಿಂಗಯ್ಯನವರ ಮುಖ ಅರಳಿತು.

"ಅದ್ಕೆ ಜಿಮ್ಮು ಯಾಕವ್ವಾ? ನಾನಿಲ್ವಾ?"

ಹೆಂಗಸರು ಕಾಲಿಡದ ಗರಡಿಯೊಳಕ್ಕೆ ಮೊಮ್ಮಗಳನ್ನು ಕೈಹಿಡಿದು ಕರೆದೊಯ್ದರು. ಹಿರಿಯ ಶಿಷ್ಯ ವಿಜಯ್‌ಕುಮಾರ್ ಮುಖ ಊದಿಸಿಕೊಂಡ. ಆದರೂ ಉಸ್ತಾದರ ಎದುರು ಬಾಯಿ ಬಿಡುವ ಧೈರ್ಯ ಯಾರಿಗಿತ್ತು? ಅಂದಿನಿಂದ ದಿನಾ ಬೆಳಿಗ್ಗೆ ಬಸ್ಕಿ, ದಂಡ, ಮೇಲೆ ಒಂದು ಲೋಟ ಬಾದಾಮಿ ಹಾಲು. ಇದರ ಜೊತೆಗೆ ತಮ್ಮ ಹೆಸರಾಂತ ಪಟ್ಟನ್ನೂ ಕಲಿಸಿದರು. ಯಾರಾದರೂ ಎತ್ತಿ ಒಗೆದರೆ ಗಾಳಿಯಲ್ಲೇ ಸೊಂಟ ತಿರುಗಿಸಿ ಬೋರಲಾಗಿ ಬೀಳುವ ಪಟ್ಟು ಅದು.

"ಪ್ರಾಣ ಹೋದ್ರೂ ಬೆನ್ನು ಕೊಡ್ಬ್ಯಾಡ ಕಣವ್ವ" ಅನ್ನುತ್ತಿದ್ದರು. ಹುಡುಗಿ ಅದನ್ನು ಚೆನ್ನಾಗಿಯೇ ಕಲಿತಳು.

ತಂಡಕ್ಕೆ ತರಬೇತಿ ಕೊಡುತ್ತಿದ್ದವರು ಸೈನ್ಯದಿಂದ ನಿವೃತ್ತರಾಗಿ ಬಂದ ಅಶ್ವತ್ಥ. ಬನ್ನಿಮಂಟಪದ ಹತ್ತಿರದ ಒಂದು ಇಳಿಜಾರು ರಸ್ತೆಯಲ್ಲಿ, ಚಕ್ರದ ಬೂಟು ಹಾಕಿಸಿ ಜಾರಿಸುತ್ತಿದ್ದರು. ಅಲ್ಲಿ ತನ್ಮಯಿಯ ಕಾಲು ತಪ್ಪಿತು. ಅಷ್ಟೇ, ಮೈ ತಾನಾಗಿಯೇ ಬೋರಲಾಗಲು ತಿರುಗಿತು, ಬೂಟು ತಿರುಗಲಿಲ್ಲ. ಮಂಡಿ ತಿರುಚಿ ಊದಿಕೊಂಡಿತು.

ಅವಳನ್ನು ಮನೆಗೆ ತಂದುಬಿಟ್ಟ ಅಶ್ವತ್ಥ ಲಿಂಗಯ್ಯನವರಿಗೆ ಮುಚ್ಚುಮರೆಯಿಲ್ಲದೆ ಹೇಳಿದರು. "ಕಸುವು ಹುಡುಗರಿಗಿಂತ ಜಾಸ್ತಿ ಇದೆ ಯಜಮಾನ್ರೇ. ಆದ್ರೆ ಬೀಳೋಕೇ ಬರಲ್ಲ. ಜಾರಿದ್ರೆ ಮೈ ಸಡಿಲ ಬಿಟ್ಟು, ಪಕ್ಕಕ್ಕೆ ವಾಲಿ, ಬೆನ್ನು ಕೊಟ್ಟುಬಿಡ್ಬೇಕು. ಹಿಮದಲ್ಲಿ ಹೀಗೆ ತಿರುಗಿದ್ರೆ ಕಾಲೇ ಹೋಗತ್ತೆ. ಊತ ಇಳೀಲಿ, ಇನ್ನೊಂದು ಸಲ ನೋಡ್ತೀನಿ. ಆಗ್ಲೂ ಹೀಗೇ ಆದ್ರೆ ಕಳಿಸಲ್ಲ."

ಲಿಂಗಯ್ಯನವರು ಎಣ್ಣೆ ಬಿಸಿಮಾಡಿ ಮೊಮ್ಮಗಳ ಮಂಡಿಗೆ ಹಚ್ಚಿದರು. ಅವಳ ಕಾಲು ಹಾಳಾಗಿದ್ದು ತಮ್ಮ ಪಟ್ಟಿನಿಂದಲೇ ಎಂಬುದು ಅವರಿಗೆ ತಿಳಿಯಿತು. ತಲೆ ಎತ್ತಿ ಅವಳ ಮುಖ ನೋಡಲು ನಾಚಿಕೆಯಾಯಿತು.

ಊತ ಇಳಿದು ಕಾಲು ಸರಿಹೋದ ಮೇಲೆ ಇಬ್ಬರೂ ಮತ್ತೆ ಗರಡಿಗೆ ಹೋದರು. ಬೀಳುವುದಕ್ಕೆ ಅಲ್ಲಿಯ ಕೆಮ್ಮಣ್ಣಿನಷ್ಟು ಮೆತ್ತನೆಯ ಜಾಗ ಊರಲ್ಲಿ ಬೇರೆಯಿರಲಿಲ್ಲ. ಹಿಂದಕ್ಕೆ ಬೀಳು ಎಂದರೆ ತನ್ಮಯಿ ಪ್ರತಿ ಸಲವೂ ತಿರುಗಿ ಬೋರಲಾದಳು. ಕಡೆಗೆ ಮಣ್ಣಿನಲ್ಲೇ ಕುಳಿತು ಅತ್ತಳು.

"ಬೀಳ್ಬೇಕು ಅಂತ ಗೊತ್ತು ತಾತ, ಮೈ ಕೇಳಲ್ಲ. ನೀವೇ ಯಾವತ್ತೂ ಬಿದ್ದಿಲ್ಲ. ನಂಗೆ ತೋರ್ಸೋರು ಯಾರು?"

ಲಿಂಗಯ್ಯನವರು ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ ಮಣ್ಣಿಗಿಳಿದರು. "ವಿಜಿ, ಬಾರ್ಲಾ. ನನ್ನ ಚಿತ್ ಮಾಡು, ಬೆನ್ನು ಮಣ್ಣಿಗೆ ತಾಗ್ಸು."

ವಿಜಯ್‌ಕುಮಾರ್ ಕೈಮುಗಿದ. "ನಮ್ ಕೈಲಿ ಆಗಲ್ಲ ಉಸ್ತಾದ್. ನಿಮ್ ಮಾನ ನಾವ್ ತೆಗೀಬೇಕಾ?"

"ಮಾನ ನಂದು ಕಣ್ಲಾ. ಕಾಲು ಮಗೀದು."

ಆದರೂ ಅವನು ಕದಲಲಿಲ್ಲ. ಲಿಂಗಯ್ಯನವರು ತಾವೇ ಹಿಂದಕ್ಕೆ ವಾಲಿದರು. ಆ ಹಳೆಯ ಮೈಯೂ ಗಾಳಿಯಲ್ಲೇ ತಿರುಗಿ ಬೋರಲಾಯಿತು. ಎದ್ದರು. ಕಣ್ಣು ಮುಚ್ಚಿಕೊಂಡು ಮೈ ಸಡಿಲ ಬಿಟ್ಟರು. ಈ ಸಲ ಮೊದಲು ಸೊಂಟ, ಆಮೇಲೆ ಹೆಗಲು, ಬೆನ್ನು ಪೂರ್ತಿ ಮಣ್ಣಿಗೆ ತಾಗಿತು.

ವಿಜಯ್‌ಕುಮಾರ್ ಗೋಡೆಯ ಕಡೆ ಮುಖ ತಿರುಗಿಸಿಕೊಂಡ. ಅಷ್ಟು ವರ್ಷ ಕಾಪಾಡಿಕೊಂಡದ್ದು ಹೋಯಿತಲ್ಲ ಎಂಬ ಸಂಕಟ ಮುದುಕರಿಗೆ ಇಲ್ಲದಿರಲಿಲ್ಲ. ಮೆಲ್ಲಗೆ ಎದ್ದು ನಿಂತರು. ತನ್ಮಯಿ ಟವೆಲ್ ಹಿಡಿದು ಓಡಿಬಂದು ಅವರ ಬೆನ್ನಿನ ಮಣ್ಣು ಒರೆಸಲು ಹೋದಳು.

"ಒರೆಸ್ಬ್ಯಾಡ, ಬುಡು" ಎಂದು ಲಿಂಗಯ್ಯನವರು ಅವಳಿಗೆ ಬೆನ್ನು ತೋರಿಸಿ ನಿಂತರು. "ಎಲ್ಲೆಲ್ಲಿ ಅಂಟ್ಕಂಡದೆ, ಸರಿಯಾಗಿ ನೋಡ್ಕೊ. ನಿಂಗೂ ಅಲ್ಲಲ್ಲೇ ಅಂಟ್ಬೇಕು."